ಹೊಗೆ ಹಾಡಿನ ಕೊನೆಯ ಚರಣ

ಹಂದಿಮಾಂಸ ಹೆಚ್ಚುತ್ತಿದ್ದ ಆಲ್ವೆನ್‌ಳ ಚಾಕು ಅರ್ಧಕ್ಕೇ ನಿಂತಿತು. ಅಡುಗೆಮನೆಯ ಮೇಜಿನ ಮೇಲಿದ್ದ ಬ್ರೆಡ್ಡಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಪಟ್ಟಣದಿಂದ ಬಂದಿದ್ದ ಲೊವಾಟ್ ಎಂಬ ಯುವಕ ತನ್ನ ಟೇಪು ಯಂತ್ರವನ್ನು ಇಟ್ಟುಕೊಂಡಿದ್ದ. ಹೆರೆಫರ್ಡ್‌ಶೈರ್ ಜಿಲ್ಲೆಯ ಹಳ್ಳಿಹಳ್ಳಿ ತಿರುಗಿ ಹಳೆಯ ಹಾಡು, ಕಥೆಗಳನ್ನು ಕೂಡಿಹಾಕುವುದು ಅವನ ಕೆಲಸ. ಯಂತ್ರದ ಮುಂದೆ ಎದೆ ಉಬ್ಬಿಸಿಕೊಂಡು ಹಾಡುತ್ತಿದ್ದವನು ಅವಳ ಮೈದುನ ಕ್ಲೆಮೆಂಟ್. ಹಾಡು ಮಾತ್ರ ಅವಳ ಅಪ್ಪನದು.

ಸಂಜೆಗೆ ಗೋಡೆ, ಇರುಳಿಗೆ ಮಾಡು,
ಬೆಳಗಿಗೆ ಹೊಗೆಯು ಏಳಲಿ;
ಹೊಗೆಯನು ಕಂಡರೆ ನೆಲವೇ ನಿನ್ನದು,
ದೊರೆಯೇ ಬಂದು ಕೇಳಲಿ.

ಇಲ್ಲಿಯವರೆಗೆ ಸರಿಯಾಗಿಯೇ ಇತ್ತು. ಮುಂದಿನದು ಕ್ಲೆಮೆಂಟನ ಸ್ವಂತ ಸರಕು.

ಕರಿಯ ಸೈತಾನ ಸೂರನು ಏರಿದ,
ಬಾಲವ ಹೊಗೆಗೂಡಲಿ ಇಳಿಸಿದ;
ಒಳಗಿನ ಬಡವನು ಕೆಮ್ಮುತ ಓಡಿದ,
ಸೈತಾನ ಹಲ್ಲನು ಕಿಸಿದ!

"ಬಾಲ! ಬಾಲ!" ಎಂದು ಅತ್ತೆ ಟಬಿತಾ ಮೇಜು ಕುಟ್ಟಿದಳು. ಹೆಂಡದಂಗಡಿಯಲ್ಲಿ ಗಂಡಸರು ಹೀಗೆಯೇ ಕುಟ್ಟುತ್ತಿದ್ದರಂತೆ. ಎಪ್ಪತ್ತು ದಾಟಿದ ಮುದುಕಿ, ಕೈಯಲ್ಲಿ ಇನ್ನೂ ಕಸುವಿತ್ತು. ಚಹಾದ ಬಟ್ಟಲುಗಳು ಕುಣಿದವು.

ಲೊವಾಟ್‌ಗೆ ಖುಷಿಯೋ ಖುಷಿ. "ಎಷ್ಟ್ ಚೆನ್ನಾಗಿದೆ! ಯಾರ ಹಾಡು ಅಂತ ಬರ್ಕೊಳ್ಲಿ?"

"ನಮ್ಮ ಮನೆತನದ್ದಪ್ಪ. ಪ್ರೀಸ್‌ಗಳದ್ದು. ಇವ್ರ ತಾತನ ಕಾಲದಿಂದ ಈ ಒಲೆ ಮುಂದೇನೇ ಇದೆ," ಎಂದಳು ಟಬಿತಾ. ಸುಳ್ಳು ಹೇಳುವಾಗ ಆಕೆ ಕಣ್ಣು ಪಿಳುಕಿಸುವುದಿಲ್ಲ.

"ಒಂದೇ ಒಂದು ಅನುಮಾನ. ಸೈತಾನ ಯಾಕೆ ಹೊಗೆ ನಿಲ್ಲಿಸ್ದ? ಬೇರೆ ಊರಲ್ಲಿ ಇಂಥ ಕಥೇಲಿ ನೆರೆಯವನು ಯಾವನಾದ್ರೂ ಇರ್ತಾನೆ."

"ಸೈತಾನಂಗೆ ಕಾರಣ ಬೇರೆ ಬೇಕಾ? ಅವನಿಗೆ ಅದೇ ಕೆಲಸ."

ಎಲ್ಲರೂ ನಕ್ಕರು. ಆಲ್ವೆನ್ ಉಳಿದ ಮಾಂಸವನ್ನು ಹೆಚ್ಚಿ ಬಾಣಲೆಗೆ ಹಾಕಿದಳು. ಕೊಬ್ಬು ಚಟಪಟ ಸಿಡಿದು ಮುಂಗೈ ಸುಟ್ಟಿತು. ಅವಳಿಗೆ ಅದು ಗೊತ್ತೇ ಆಗಲಿಲ್ಲ.

ಬಿಯರಿಗೆ ಕಹಿ ಕೊಡುವ ಹಾಪ್ ಹೂವಿನ ಕೊಯ್ಲು ಮುಗಿಯುವ ದಿನ ಪ್ರೀಸ್‌ಗಳ ದೊಡ್ಡ ಕಣಜದಲ್ಲಿ ಊರಿಗೆಲ್ಲ ಊಟ. ಆ ದಿನ ಮತ್ತೆ ಬರುತ್ತೇನೆ, ಜನ ತುಂಬಿರುವಾಗ ಹಾಡಿಸಿ ತುಂಬಿಕೊಳ್ಳುತ್ತೇನೆ, ಜಿಲ್ಲೆಯ ಹಾಡುಗಳ ಪುಸ್ತಕಕ್ಕೆ ಹೋಗುವುದು ಅದೇ ಎಂದು ಹೇಳಿ ಲೊವಾಟ್ ಯಂತ್ರ ಮಡಚಿದ. ಟಬಿತಾ ಅವನ ಕೈಗೆ ಅರ್ಧ ಸೇಬಿನ ಕಡುಬು ಕಟ್ಟಿಕೊಟ್ಟಳು. ಆ ಕಡುಬು ಮಾಡಿದವಳೂ ಆಲ್ವೆನ್.

ಆ ಸೀಮೆಯಲ್ಲಿ ಒಂದೊಂದು ಹಾಡಿಗೂ ಒಬ್ಬ ಒಡೆಯ. ಅವನು ಬದುಕಿರುವ ತನಕ ಅವನ ಮುಂದೆ ಇನ್ನೊಬ್ಬ ಅದನ್ನು ಹಾಡುವಂತಿಲ್ಲ. ಸಾಯುವಾಗ ಅವನು ಯಾರಿಗೆ ಕೊಡುತ್ತಾನೋ ಅವರದು ಆ ಹಾಡು. ಪ್ರೀಸ್‌ಗಳ ಗಾಡಿ ಹೊಡೆಯುತ್ತಿದ್ದ ಇಲಾಯಸ್ ಗಿಟಿನ್ಸ್ ಹೊಗೆ ಹಾಡನ್ನು ಕೊಟ್ಟಿದ್ದು ತನ್ನ ಒಬ್ಬಳೇ ಮಗಳಿಗೆ. "ನನ್ನ ಗುಂಡಿ ಮುಚ್ಚೋ ಮುಂಚೆ ಪೂರ್ತಿ ಹಾಡ್ಬಿಡು ಮಗಾ, ಕೊನೇ ಚರಣನೂ ಸೇರಿಸಿ," ಎಂದಿದ್ದ. ಆಗ ಅವಳು ಈ ಮನೆಯ ಸೊಸೆ, ಬಸುರಿ. ಮಣ್ಣು ಮಾಡುವ ದಿನ ಹಾಪ್ ಒಣಗಿಸುವ ಭಟ್ಟಿ ಹೊತ್ತಿಸಿದ್ದರು. ಭಟ್ಟಿ ಹೊತ್ತಿದರೆ ಹೂ ಒಣಗುವ ತನಕ ಯಾರಾದರೂ ಒಬ್ಬರು ಅಲ್ಲೇ ಇರಬೇಕು. "ಭಟ್ಟಿ ಕಾಯೋ ಜೆಥ್ರೋ ಹೆಣ ಹೊರೋಕೆ ಬೇಕು. ಬಸುರಿ ಹೆಂಗಸು ಸಮಾಧಿ ಹತ್ರ ಬರ್ಬಾರ್ದು. ನೀನೇ ಭಟ್ಟಿ ನೋಡ್ಕೋ," ಎಂದು ಟಬಿತಾ ಹೇಳಿದಳು. ಆಲ್ವೆನ್ ನೋಡಿಕೊಂಡಳು. ಇಲಾಯಸ್ ತನ್ನ ಹಾಡಿಲ್ಲದೆ ಮಣ್ಣಿಗೆ ಹೋದ. ಅದೇ ವಾರ ಕ್ಲೆಮೆಂಟ್ ಹೆಂಡದಂಗಡಿಯಲ್ಲಿ ಎದ್ದು ನಿಂತು ಆ ಹಾಡಿಗೆ ಸೈತಾನನ ಬಾಲ ಕಟ್ಟಿ ಹಾಡಿದ. ಆಗ ಹೊಟ್ಟೆಯಲ್ಲಿದ್ದ ಲಿನೆಟ್‌ಗೆ ಈಗ ಹದಿನಾರು.

ಪಾತ್ರೆ ತೊಳೆಯುವಾಗ ಆಲ್ವೆನ್ ಗಂಡನನ್ನು ಹಿಡಿದಳು. ಆಂಬ್ರೋಸ್ ಒಳ್ಳೆಯವನೇ. ಅಮ್ಮನ ಮುಂದೆ ಮಾತ್ರ ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

"ಕೇಳಿಸ್ಕೊಂಡ್ಯಾ? ಪ್ರೀಸ್‌ಗಳ ಹಾಡಂತೆ."

"ಹೋಗ್ಲಿ ಬಿಡು ಆಲ್ವೆನ್. ಒಂದು ಹಾಡು ತಾನೆ?"

"ಅವತ್ತೂ ಇದನ್ನೇ ಅಂದೆ. ಹೋಗ್ಲಿ ಬಿಡು. ಇಷ್ಟು ವರ್ಷ ಬಿಟ್ಟೆ. ಈಗ ಕೊನೇ ಚರಣ ಇಲ್ದೇನೇ ಪುಸ್ತಕಕ್ಕೆ ಹೋಗ್ತಿದೆ. ಒಂದ್ಸಲ ಅಚ್ಚಾದ್ಮೇಲೆ ನಮ್ಮಪ್ಪ ಅಂತ ಒಬ್ಬ ಇದ್ನೋ ಇಲ್ವೋ ಅಂತ ಆಗೋಗುತ್ತೆ."

"ಅಮ್ಮಂಗೆ ವಯಸ್ಸಾಯ್ತು. ಈಗ ಅವಳ ಹತ್ರ ಜಗಳ ಆಡೋದಾ?"

"ಇನ್ಯಾವಾಗ ಆಡ್ಲಿ? ಸತ್ತ ಮೇಲಾ?"

ಆಂಬ್ರೋಸ್ ಒರೆಸಿದ ತಟ್ಟೆಯನ್ನೇ ಮತ್ತೊಮ್ಮೆ ಒರೆಸಿದ. ಬಾಗಿಲಲ್ಲಿ ಕಲ್ಲಿದ್ದಲ ಬಕೆಟ್ಟು ಹಿಡಿದು ಲಿನೆಟ್ ನಿಂತಿದ್ದಳು. "ಕೊನೇ ಚರಣ ಅಂದ್ರೇನಮ್ಮ?" ಎಂದು ಕೇಳಿದಳು. "ನೀನು ಹೋಗಿ ಕೋಳಿ ಕೂಡು," ಎಂದಳು ಆಲ್ವೆನ್.

ಸೆಪ್ಟೆಂಬರಿನ ಕೊಯ್ಲು ಶುರುವಾಯಿತು. ಬಳ್ಳಿಗಳನ್ನು ಎಳೆದು ಕೆಡವುವುದು, ಗೋಣಿಯ ತೊಟ್ಟಿಯ ಸುತ್ತ ಕೂತು ಹೂ ಬಿಡಿಸುವುದು, ಭಟ್ಟಿಗೆ ಹೊರುವುದು. ಎಲ್ಲರ ಬೆರಳೂ ಹಾಪ್‌ನ ಕಹಿಗೆ ಕಪ್ಪಾದವು. ಆ ಬೆರಳಿನಲ್ಲಿ ಮುರಿದ ಬ್ರೆಡ್ಡೂ ಕಹಿ. ಲಿನೆಟ್ ಬಿಡುವವಳಲ್ಲ. ಮಧ್ಯಾಹ್ನದ ತಣ್ಣನೆಯ ಚಹಾ ಕುಡಿಯುವಾಗ ಮತ್ತೆ ಅದನ್ನೇ ಎತ್ತಿದಳು.

"ಹೇಳಮ್ಮ. ಚಿಕ್ಕಪ್ಪನ ಜೊತೆ ನಾನೂ ದನಿ ಸೇರಿಸ್ಬೇಕಂತೆ, ಅಜ್ಜಿ ಹೇಳಿದಾಳೆ. ಹಾಡೋಳಿಗೆ ಪೂರ್ತಿ ಹಾಡು ಗೊತ್ತಿರ್ಬೇಡ್ವಾ?"

ಆಲ್ವೆನ್‌ಳ ಎದೆ ಉರಿದುಹೋಯಿತು. ಅಪ್ಪನ ಹಾಡಿಗೆ ಆ ಬಾಲವನ್ನು ಅವನ ಮೊಮ್ಮಗಳ ಬಾಯಿಂದಲೂ ಕಟ್ಟಿಸುವ ಹುನ್ನಾರ. ಅವಳು ಹೂ ಬಿಡಿಸುತ್ತಲೇ ಹೇಳಿದಳು.

"ಅಗೋ ಕಾಣ್ತಿದ್ಯಲ್ಲ, ನಮ್ಮ ಮೇಲಿನ ಸೇಬಿನ ತೋಟ. ಅದು ಊರ ಗೋಮಾಳ ಆಗಿತ್ತು. ನಮ್ಮಪ್ಪನ ತಾತ ರೀಸ್ ಗಿಟಿನ್ಸ್ ಅಲ್ಲಿ ಒಂದೇ ರಾತ್ರೀಲಿ ಮನೆ ಕಟ್ಟಿದ. ಬೆಳಗ್ಗೆ ಸೂರ್ಯ ಹುಟ್ಟೋ ಹೊತ್ತಿಗೆ ಹೊಗೆಗೂಡಲ್ಲಿ ಹೊಗೆ ಕಂಡ್ರೆ ಮನೆ, ನೆಲ ಎರಡೂ ಕಟ್ಟಿದೋನಿಗೇ. ಅದು ಎಲ್ರೂ ಒಪ್ಪಿದ್ದ ಕಟ್ಟಳೆ. ಪಂಚರು ಬಂದು ನೋಡ್ದಾಗ ಹೊಗೆ ಇರ್ಲಿಲ್ಲ."

"ಸೈತಾನ?"

"ಸೈತಾನನೂ ಇಲ್ಲ, ಅವನ ಬಾಲನೂ ಇಲ್ಲ. ಪಕ್ಕದ ಹೊಲದೋನು ಹಿಂದಿಂದ ಹತ್ತಿ ಒದ್ದೆ ಗೋಣಿ ಮುಚ್ಚಿದ್ದ. ರೀಸ್‌ನ ಮನೆಯೋರನ್ನ ಹಿಮದಲ್ಲೇ ಹೊರಗ್ ಹಾಕಿದ್ರು. ಎಳೇ ಕೂಸು ದಾರೀಲಿ ಸತ್ತೋಯ್ತು. ಎರಡು ವರ್ಷಕ್ಕೆ ಆ ಜಾಗಕ್ಕೆ ಬೇಲಿ ಬಿತ್ತು, ಸೇಬಿನ ಗಿಡ ಬಂತು."

"ಯಾರು ಆ ಪಕ್ಕದ ಹೊಲದೋನು?"

ಆಲ್ವೆನ್ ಹಾಡಿ ಹೇಳಿದಳು. ಜೋರಾಗಿ ಅಲ್ಲ, ತೊಟ್ಟಿಯ ಒಳಗೇ ಬೀಳುವಷ್ಟು ಮೆಲ್ಲಗೆ. ಲಿನೆಟ್ ಕೊನೆಯ ತನಕ ಕೇಳಿಸಿಕೊಂಡಳು. ಆಮೇಲೆ ಕೈ ಒರೆಸಿಕೊಳ್ಳುತ್ತ, "ನಾನೂ ಪ್ರೀಸೇ ತಾನೆ?" ಎಂದಳು. ಆಲ್ವೆನ್ ಇನ್ನೊಂದು ಬಳ್ಳಿ ಎಳೆದುಕೊಂಡಳು. ಸೇಡಿನ ಲೆಕ್ಕದಲ್ಲಿ ಮಗಳನ್ನು ಯಾವ ಕಡೆ ಕೂರಿಸಬೇಕೆಂದು ಅವಳು ಯೋಚಿಸಿಯೇ ಇರಲಿಲ್ಲ.

ಭಾನುವಾರದ ಊಟಕ್ಕೆ ಕುರಿಮಾಂಸ, ಅವರೆಕಾಳಿನಂಥ ದಪ್ಪ ಬೀನ್ಸು, ಪುದೀನದ ಗೊಜ್ಜು. ಟಬಿತಾ ಮೇಜಿನ ತಲೆಗೆ ಕೂತು ಬಡಿಸುತ್ತಿದ್ದಳು. ಈ ಮನೆಯಲ್ಲಿ ಅಡುಗೆ ಸೊಸೆಯದು, ಬಡಿಸುವ ಅಧಿಕಾರ ಅತ್ತೆಯದು.

"ಅಜ್ಜಿ, ಜೊಸಾಯ ಪ್ರೀಸ್ ನಮಗೇನಾಗ್ಬೇಕು?" ಲಿನೆಟ್ ಬೀನ್ಸು ಕೇಳಿದಷ್ಟೇ ಸಲೀಸಾಗಿ ಕೇಳಿದಳು.

"ನಿನ್ನ ಮುತ್ತಜ್ಜ. ನನ್ನ ಮಾವ. ದೇವರಂಥ ಮನುಷ್ಯ. ಯಾಕೆ?"

"ಒದ್ದೆ ಗೋಣಿ ಹಾಕಿದ್ದು ಅವ್ರೇನಾ?"

ಬಡಿಸುವ ಸೌಟು ಗಾಳಿಯಲ್ಲೇ ನಿಂತಿತು. ಕ್ಲೆಮೆಂಟ್ ಅಮ್ಮನ ಮುಖ ನೋಡಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಪ್ರೀಸ್‌ಗಳಲ್ಲಿ ಯಾರಾದರೂ ಎದುರಿಗಿದ್ದರೆ ಇಲಾಯಸ್ ಕೊನೆಯ ಚರಣ ನುಂಗಿಕೊಳ್ಳುತ್ತಿದ್ದ. ಅವರ ಗಾಡಿ ಹೊಡೆದು ಉಣ್ಣುವವನು ಇನ್ನೇನು ಮಾಡಿಯಾನು? ಅರ್ಧ ಕೇಳಿದ ಹಾಡನ್ನು ಕದ್ದವನಿಗೆ ಅರ್ಧವೇ ಸಿಕ್ಕಿತ್ತು.

"ಯಾವ ಗೋಣಿ? ಏನಮ್ಮ ಇದು?" ಎಂದ ಕ್ಲೆಮೆಂಟ್.

"ಏನಿಲ್ಲ. ನಿಮ್ಮತ್ತಿಗೆ ಮಗಳ ಕಿವಿಗೆ ವಿಷ ಹಾಕಿದಾಳೆ," ಟಬಿತಾ ಸೌಟು ಇಳಿಸಿದಳು. "ಉಂಡ ಮನೆ ಹೆಸರು ಕೆಡಿಸೋ ಬುದ್ಧಿ ಗಿಟಿನ್ಸ್‌ಗಳಿಗೆ ರಕ್ತದಲ್ಲೇ ಬಂದಿದೆ."

"ಉಂಡಿದ್ದು ಗೇದು ಉಂಡಿದ್ದು, ಅತ್ತೆ. ಭಿಕ್ಷೆ ಬೇಡಿ ಅಲ್ಲ," ಎಂದಳು ಆಲ್ವೆನ್.

"ಆಂಬ್ರೋಸ್! ಇವಳ ಬಾಯಿ ಮುಚ್ಚಿಸ್ತೀಯೋ ಇಲ್ವೋ?"

ಆಂಬ್ರೋಸ್ ತಲೆ ಬಗ್ಗಿಸಿ ಮಾಂಸ ಕುಯ್ಯುತ್ತಲೇ ಇದ್ದ. ತುಂಡು ತುಂಡಾದರೂ ಕುಯ್ಯುವುದು ನಿಲ್ಲಲಿಲ್ಲ. ಲಿನೆಟ್ ತಟ್ಟೆ ಸರಿಸಿ ಎದ್ದು ಹೋದಳು. ಅಂದಿನ ಪುಡಿಂಗನ್ನು ಯಾರೂ ಮುಟ್ಟಲಿಲ್ಲ. ಸಂಜೆ ಅದು ಹಂದಿಗಳ ಪಾಲಾಯಿತು.

ಮರುದಿನ ಪ್ಲಮ್ ಹಣ್ಣಿನ ಮುರಬ್ಬಕ್ಕೆ ಇಟ್ಟಿದ್ದರು. ಕೊಯ್ಲಿನ ನಡುವೆಯೂ ಹಣ್ಣು ಕಾಯುವುದಿಲ್ಲವಲ್ಲ. ಹಿತ್ತಾಳೆ ಪಾತ್ರೆಯ ಆಚೆ ಅತ್ತೆ, ಈಚೆ ಸೊಸೆ. ಬೇರೆ ಯಾರೂ ಇಲ್ಲದಾಗ ಟಬಿತಾ ಸುತ್ತಿ ಬಳಸಿ ಮಾತಾಡುವವಳಲ್ಲ.

"ನಿಜ ಹೇಳ್ಬಿಡ್ತೀನಿ ಕೇಳು. ಬೇಕಂತ್ಲೇ ಮಾಡ್ದೆ. ಕ್ಲೆಮ್‌ಗೆ ಹಾಡೋಕೆ ಹೇಳಿದ್ದೂ ನಾನೇ, ಬಾಲ ಕಟ್ಟೋಕೆ ಹೇಳಿದ್ದೂ ನಾನೇ. ನಾನು ಈ ಊರಲ್ಲೇ ಹುಟ್ಟಿದೋಳು. ನಿಮ್ಮಪ್ಪನ ಹಾಡು ನಿಂಗಿಂತ ಮುಂಚೆ ನನ್ನ ಕಿವಿಗೆ ಬಿದ್ದಿದೆ. ಒಂದು ಹಾಡನ್ನ ಬೇಡ ಅಂತ ಬಾಯಿ ಮುಚ್ಚಿಸಿದ್ರೆ ಜನ ಇನ್ನೂ ಜೋರಾಗಿ ಹಾಡ್ತಾರೆ. ನಗೋ ಹಂಗೆ ಮಾಡ್ಬಿಟ್ರೆ ಸಾಕು, ಮರೀತಾರೆ."

"ಹಾಗಾದ್ರೆ ನಿಜ ಅಂತ ನಿಮಗೆ ಗೊತ್ತು."

"ಮಾವ ಹಾಸಿಗೆ ಹಿಡಿದಾಗ ಗಂಜಿ ಕುಡಿಸಿದೋಳು ನಾನು. ಒಲೆ ಹೊಗೆ ಕಂಡ್ರೆ ಗೋಡೆ ಕಡೆ ತಿರುಗಿ ಮಲಗ್ತಿದ್ದ. ಇನ್ನೇನ್ ಗೊತ್ತಾಗ್ಬೇಕು?" ಟಬಿತಾ ಮೇಲೆ ಬಂದ ನೊರೆ ತೆಗೆದು ಬಟ್ಟಲಿಗೆ ಹಾಕಿದಳು. "ಆದ್ರೆ ಆ ತೋಟದಲ್ಲೇ ನಿನ್ನ ಗಂಡನೂ ಬೆಳೆದ, ನಿನ್ನ ಮಗಳೂ ಬೆಳೆದ್ಲು. ನಾಳೆ ಅವಳನ್ನ ನೋಡೋಕೆ ಬರೋರು ಕಳ್ಳನ ಮರಿಮೊಮ್ಮಗಳು ಅನ್ಬೇಕಾ? ಯೋಚ್ನೆ ಮಾಡು."

"ನಮ್ಮಪ್ಪನ ಹೆಣ ಹೋಗೋವಾಗ ನನ್ನ ಭಟ್ಟಿಗೆ ಕೂರ್ಸಿದ್ದೂ ಅದಕ್ಕೇನಾ?"

"ಮತ್ತೆ? ಸಮಾಧಿ ಮುಂದೆ ಊರೆಲ್ಲ ನಿಂತಿರೋವಾಗ ನೀನು ಹಾಡ್ಲಿ ಅಂತ ಬಿಡ್ಬೇಕಿತ್ತಾ?"

ಆಲ್ವೆನ್ ಇದುವರೆಗೆ ಅದನ್ನು ಕ್ರೌರ್ಯ ಎಂದುಕೊಂಡಿದ್ದಳು, ಮುದುಕಿಗೆ ತನ್ನ ಮೇಲಿದ್ದ ತಾತ್ಸಾರ ಎಂದುಕೊಂಡಿದ್ದಳು. ಲೆಕ್ಕ ಹಾಕಿ ಮಾಡಿದ್ದು ಎಂದು ಈಗ ತಿಳಿಯಿತು. ಕೈಯಲ್ಲಿದ್ದ ಸೌಟಿನ ಕುದಿಯುವ ಪಾಕವನ್ನು ಆ ಸುಕ್ಕು ಕೈಗಳ ಮೇಲೆ ಸುರಿದುಬಿಡಬೇಕೆನ್ನಿಸಿತು. ಸುರಿಯಲಿಲ್ಲ. ಮುರಬ್ಬವನ್ನು ಸೀಸೆಗಳಿಗೆ ತುಂಬಿ, ಬಾಯಿಗೆ ಕಾಗದ ಕಟ್ಟಿ, ಸಾಲಾಗಿ ಜೋಡಿಸಿದಳು. ಹಾಡಲೇಬೇಕು, ಆ ಯಂತ್ರದ ಮುಂದೆಯೇ, ಇವಳು ಕೂತು ನೋಡುತ್ತಿರುವಾಗಲೇ ಎಂದು ತೀರ್ಮಾನಿಸಿದಳು. ತೀರ್ಮಾನಿಸಿದ ಮೇಲೆ ಹಸಿವಾಯಿತು. ಬಿಸಿ ಮುರಬ್ಬ ಸವರಿಕೊಂಡು ಎರಡು ದಪ್ಪ ಚೂರು ಬ್ರೆಡ್ಡು ತಿಂದಳು.

ಅಂದಿನಿಂದ ಅವಳು ಅತ್ತೆಯ ಮಾತಿಗೆ ಎದುರಾಡಲಿಲ್ಲ. ಹೇಳಿದ್ದಕ್ಕೆಲ್ಲ "ಆಗ್ಲಿ ಅತ್ತೆ" ಎಂದಳು. ಟಬಿತಾ ಸೊಸೆ ಮೆತ್ತಗಾದಳು ಎಂದುಕೊಂಡಳು. ಲಿನೆಟ್ ಮಾತ್ರ ಅಮ್ಮನೊಡನೆ ಮಾತು ಬಿಟ್ಟಳು. "ನಾನು ಚಿಕ್ಕಪ್ಪನ ಜೊತೆನೂ ಹಾಡಲ್ಲ, ನಿನ್ನ ಜೊತೆನೂ ಹಾಡಲ್ಲ. ನೀವಿಬ್ರೂ ನನ್ನನ್ನ ಕೇಳಿ ಜಗಳ ಶುರು ಮಾಡ್ಲಿಲ್ಲ," ಎಂದು ಒಮ್ಮೆ ಹಾಲಿನ ಕ್ಯಾನು ತೊಳೆಯುವಾಗ ಹೇಳಿದಳು. ಅದು ಆಲ್ವೆನ್‌ಗೆ ಚುಚ್ಚಿತು. ಆದರೆ ಚುಚ್ಚಿದ್ದಕ್ಕೆ ನಿಲ್ಲುವ ಹಂತವನ್ನು ಅವಳು ದಾಟಿಬಿಟ್ಟಿದ್ದಳು.

ಊಟದ ದಿನ ಬೆಳಗ್ಗೆ ಕೊನೆಯ ಹೊರೆ ಭಟ್ಟಿಗೆ ಬಿತ್ತು. ಸಂಜೆ ಟಬಿತಾ ಕುರಿಯ ತುಪ್ಪಳದ ಕಾಲರಿನ ಕೋಟು ತೊಟ್ಟು ಅಂಗಳಕ್ಕೆ ಬಂದಳು.

"ಜೆಥ್ರೋ ಪಾಪ, ವರ್ಷಾ ವರ್ಷಾ ಭಟ್ಟೀಲೇ ಕೂತು ಊಟ ತಪ್ಪಿಸ್ಕೋತಾನೆ. ಈ ಸಲ ಅವನು ನನ್ನ ಪಕ್ಕದಲ್ಲಿ ಕೂರ್ಲಿ. ಭಟ್ಟಿ ನೀನು ನೋಡ್ಕೋ ಆಲ್ವೆನ್. ನಿನಗೆ ಅಭ್ಯಾಸ ಇದೆ."

ಅಭ್ಯಾಸ ಇದೆ ಎನ್ನುವಾಗ ಮುದುಕಿಯ ತುಟಿಯ ತುದಿ ಸ್ವಲ್ಪ ಮೇಲೆ ಹೋಯಿತು. ಆಲ್ವೆನ್ ಅದನ್ನು ನೋಡಿದಳು.

"ಆಗ್ಲಿ ಅತ್ತೆ."

"ಬೆಂಕಿ ಏರ್ಸ್ಬೇಡಮ್ಮ," ಎಂದ ಜೆಥ್ರೋ, ತೊಳೆದ ಮುಖವನ್ನು ತೋಳಿನಲ್ಲಿ ಒರೆಸಿಕೊಳ್ಳುತ್ತ. "ಮೇಲಿನ ಹೂ ಇನ್ನೇನು ಹದಕ್ಕೆ ಬರೋ ಹೊತ್ತು. ಬೆಂಕಿ ಇಳಿಸ್ತಾ ಇಳಿಸ್ತಾ ಬರ್ಬೇಕು. ಇಲ್ದಿದ್ರೆ ಸೀದು ಹೋಗುತ್ತೆ."

ಅವರೆಲ್ಲ ಹೋದರು. ಕಣಜ ಅಂಗಳದ ಆಚೆಯೇ. ಬೆಂಚು ಎಳೆಯುವ ಸದ್ದು, ಸೇಬಿನ ಮದ್ಯದ ಪೀಪಾಯಿ ಉರುಳಿಸುವ ಸದ್ದು, ಬೇಯಿಸಿದ ಹಂದಿತೊಡೆಯ ವಾಸನೆ ಎಲ್ಲ ಭಟ್ಟಿಯ ತನಕ ಬಂದವು. ಕೊಯ್ಲಿನ ಹೆಂಗಸರು ಕ್ಲೆಮೆಂಟನನ್ನು ಎತ್ತಿ ಹೂವಿನ ತೊಟ್ಟಿಗೆ ಎಸೆದು ಕಿರುಚುವುದು ಕೇಳಿಸಿತು. ಕೊನೆಯ ದಿನ ಅದೊಂದು ತಮಾಷೆ. ಆಮೇಲೆ ಎಲ್ಲ ಮೌನವಾಯಿತು. ಲೊವಾಟ್ ಯಂತ್ರ ತಿರುಗಿಸಿದ್ದಾನೆ. ಕ್ಲೆಮೆಂಟನ ದನಿ ಎದ್ದಿತು: ಸಂಜೆಗೆ ಗೋಡೆ, ಇರುಳಿಗೆ ಮಾಡು.

ಆಲ್ವೆನ್ ಬೆಂಕಿ ನೋಡಿದಳು. ಈಗ ಇಳಿಸಬೇಕು. ಮೇಲಿನ ಅಂತಸ್ತಿನಲ್ಲಿ ಆಂಬ್ರೋಸನ, ಲಿನೆಟ್‌ಳ, ತನ್ನ ಕೈಯಲ್ಲೇ ಕಿತ್ತ ಹೂ ಇದೆ. ಗಂಡ ಈ ಹೊರೆಯ ಮೇಲೆ ಆಸೆ ಇಟ್ಟುಕೊಂಡಿದ್ದಾನೆ. ಅದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಸಲಿಕೆಯನ್ನು ಗೋಡೆಗೆ ಒರಗಿಸಿ, ಮುಸುಕಿನ ಬಟ್ಟೆ ಕಳಚಿ, ಕೈ ತೊಳೆದುಕೊಂಡು ಹೊರಗೆ ಬಂದಳು. ಅವಳಿಗೆ ಭಯವಾಗಲಿಲ್ಲ. ಒಂದು ಬಗೆಯ ಸಂತೋಷವೇ ಆಯಿತು.

ಅವಳು ಕಣಜದ ಬಾಗಿಲು ದಾಟುವ ಹೊತ್ತಿಗೆ ಊರೆಲ್ಲ "ಬಾಲ! ಬಾಲ!" ಎಂದು ಬೆಂಚು ಕುಟ್ಟುತ್ತಿತ್ತು. ಭಾನುವಾರ ಗೋಣಿಯ ಮಾತು ಕೇಳಿಸಿಕೊಂಡ ಮೇಲೂ ಕ್ಲೆಮೆಂಟ್ ಬಾಲ ಬಿಟ್ಟಿರಲಿಲ್ಲ. ಅವನು ಮುಖದ ಬೆವರು ಒರೆಸಿಕೊಂಡು ಕೂರಲು ಹೋದ. ಆಲ್ವೆನ್ ಬೆಂಚುಗಳ ನಡುವೆ ನಡೆದು ಯಂತ್ರದ ಮುಂದೆ ನಿಂತಳು.

"ಹಾಡು ಮುಗ್ದಿಲ್ಲ," ಎಂದಳು. "ಯಂತ್ರ ನಿಲ್ಲಿಸ್ಬೇಡಿ."

ಟಬಿತಾ ಎದ್ದಳು. "ಭಟ್ಟಿ ಬಿಟ್ಟು ಬಂದ್ಯಾ?"

"ಹೌದು, ಬಂದೆ."

"ಹೂ ಸೀದು ಹೋಗುತ್ತೆ ಕಣೇ! ಆಂಬ್ರೋಸ್, ಎಳ್ಕೊಂಡ್ ಹೋಗೋ ಇವಳ್ನ!"

ಆಂಬ್ರೋಸ್ ಎದ್ದ. ಹೆಂಡತಿಯನ್ನು ನೋಡಿದ, ಬಾಗಿಲನ್ನು ನೋಡಿದ. ಅವನು ಓಡಿದ್ದು ಭಟ್ಟಿಗೆ. ಹೋಗುವಾಗ ಹೆಂಡತಿಯ ಮೈ ಮುಟ್ಟಲಿಲ್ಲ, ಹಾಡಬೇಡ ಎಂದೂ ಅನ್ನಲಿಲ್ಲ. ಅವನಿಂದ ಅಷ್ಟೇ ಸಾಧ್ಯವಿತ್ತು. ಆಲ್ವೆನ್ ಮೊದಲಿಂದ ಹಾಡಿದಳು. ದನಿ ಒರಟಾಗಿತ್ತು. ಬಾಲದ ಜಾಗಕ್ಕೆ ಬಂದಾಗ ಅತ್ತೆಯ ಕಡೆ ತಿರುಗಿದಳು.

ಸೈತಾನನಲ್ಲ, ಗಾಳಿಯೂ ಅಲ್ಲ
ಸೂರಿನ ಮೇಲೆ ಹತ್ತಿದ್ದು;
ಜೊಸಾಯ ಪ್ರೀಸನ ಒದ್ದೆ ಗೋಣಿಯೇ
ಹೊಗೆಯ ಬಾಯನು ಒತ್ತಿದ್ದು.
ಹಿಮದ ಹಾದಿಯಲಿ ಕೂಸೇ ಸತ್ತಿತು,
ಸೇಬಿನ ತೋಟ ಎದ್ದಿತು;
ಹಣ್ಣನು ಕಚ್ಚುವ ಹಲ್ಲೇ ಹೇಳಲಿ
ಬೇರಿನ ಕೆಳಗೇನಿದ್ದಿತು.

ಯಾರೂ ಬೆಂಚು ಕುಟ್ಟಲಿಲ್ಲ. ಮಕ್ಕಳು ಕೂಡ ತಿನ್ನುವುದು ನಿಲ್ಲಿಸಿದ್ದರು. ಟಬಿತಾಳ ಪಕ್ಕದಲ್ಲೇ ಕೂತಿದ್ದ ಜೆಥ್ರೋ ಮದ್ಯದ ಬಟ್ಟಲು ಕೆಳಗಿಟ್ಟು, "ಇಲಾಯಸ್ ಹಾಡ್ತಿದ್ದಿದ್ದು ಇದನ್ನೇ. ನಾನು ಕೇಳಿದೀನಿ," ಎಂದ. ಮೂಲೆಯಿಂದ ಇನ್ಯಾರೋ ಮುದುಕಿ ಹೌದು ಹೌದು ಎಂದಳು. ಅಷ್ಟರಲ್ಲಿ ಸೀದ ಹಾಪ್‌ನ ಕಮಟು ಕಣಜದೊಳಕ್ಕೆ ನುಗ್ಗಿತು. ಜೆಥ್ರೋ ಬೈಯುತ್ತ ಎದ್ದು ಓಡಿದ, ನಾಲ್ಕಾರು ಗಂಡಸರು ಹಿಂದೆ ಓಡಿದರು.

ಲೊವಾಟ್ ಗಂಟಲು ಸರಿಮಾಡಿಕೊಂಡ. "ಹಾಡಿದವರ ಹೆಸರು... ಮಿಸೆಸ್ ಪ್ರೀಸ್ ಅಂತ ಹಾಕ್ಲಾ?"

"ಆಲ್ವೆನ್ ಗಿಟಿನ್ಸ್. ಇಲಾಯಸ್ ಗಿಟಿನ್ಸ್ ಮಗಳು," ಎಂದಳು ಅವಳು. ಹದಿನಾರು ವರ್ಷದ ಹೊಟ್ಟೆಯುರಿ ತಣ್ಣಗಾಯಿತು. ಮುದುಕಿಯ ಮುಖ ಬೂದಿಯಾಗಿದ್ದನ್ನು ಕಣ್ತುಂಬ ನೋಡಿಕೊಂಡು, ಮೇಜಿನಿಂದ ಒಂದು ತುಂಡು ಹಂದಿತೊಡೆ ಎತ್ತಿ ಬಾಯಿಗಿಟ್ಟುಕೊಂಡು ಹೊರಗೆ ನಡೆದಳು.

ಕೊನೆಯ ಹೊರೆಯಲ್ಲಿ ಉಳಿದದ್ದು ಗೊಬ್ಬರಕ್ಕೆ ಹೋಗುವಂಥದು. ಆಂಬ್ರೋಸ್ ಎರಡು ದಿನ ಭಟ್ಟಿ ಕೆರೆದು ತೊಳೆದ. ಮೂರನೆಯ ದಿನ ಊಟಕ್ಕೆ ಬಂದಾಗ ಆಲ್ವೆನ್ ಕೇಳಿದಳು.

"ಬೈಯೋದಿದ್ರೆ ಬೈದ್ಬಿಡು."

"ಬೈಯ್ಬೇಕು ಅಂತಾನೇ ಇದೆ. ಒಂದು ಮಾತು ಹೇಳಿದ್ರೆ ನಾನೇ ಭಟ್ಟೀಲಿ ಕೂರ್ತಿದ್ದೆ. ನೀನು ಹೋಗಿ ಹಾಡ್ಬಹುದಿತ್ತು."

"ಕೂರ್ತಿದ್ಯಾ? ನಿಜವಾಗ್ಲೂ?"

ಅವನು ಬಟ್ಟಲಿಂದ ತಲೆ ಎತ್ತಿದ. "ಇಲ್ಲ," ಎಂದ. ಆಮೇಲೆ ಸೂಪಿಗೆ ಬ್ರೆಡ್ಡು ಮುರಿದುಹಾಕಿಕೊಂಡ.

ಕ್ಲೆಮೆಂಟ್ ಹೆಂಡದಂಗಡಿಗೆ ಹೋಗುವುದನ್ನೇ ಬಿಟ್ಟ. ಹೋದರೆ "ಗೋಣಿ ತಂದ್ಯೇನೋ?" ಎಂದು ಕೇಳುತ್ತಾರಂತೆ. ಆಲ್ವೆನ್ ಅದನ್ನು ಕೇಳಿ ಒಳಗೊಳಗೇ ನಕ್ಕಳು. ಆದರೆ ಟಬಿತಾ ಅಷ್ಟಕ್ಕೆ ಸೋಲುವ ಹೆಂಗಸಲ್ಲ. ಎರಡು ದಿನ ಕೋಣೆಯಲ್ಲೇ ಊಟ ತರಿಸಿಕೊಂಡಳು. ಆಮೇಲೆ ಟೋಪಿ ಹಾಕಿಕೊಂಡು ಇಗರ್ಜಿಗೆ, ಅಂಚೆಮನೆಗೆ, ಕಸಾಯಿ ಅಂಗಡಿಗೆ ಹೊರಟಳು. ಹೋದಲ್ಲೆಲ್ಲ ಒಂದೇ ಮಾತು. "ಗಿಟಿನ್ಸ್‌ಗಳು ಹೊಟ್ಟೆಕಿಚ್ಚಿಗೆ ಕಟ್ಟಿದ ಹಾಡು. ಇಲಾಯಸ್‌ನ ನಮ್ಮೋರು ಕುಡ್ತಕ್ಕೆ ಕೆಲಸದಿಂದ ತೆಗೀತೀವಿ ಅಂದಿದ್ರು, ಆ ಸಿಟ್ಟಿಗೆ ಕಟ್ದ. ಗಾಡಿಯವನ ಮನೆ ಹೆಣ್ಣು ತಂದ್ರೆ ಹೀಗೇ." ಇಲಾಯಸ್ ಕುಡಿಯುತ್ತಲೇ ಇರಲಿಲ್ಲ. ಆದರೂ ಅರ್ಧ ಊರು ತಲೆಯಾಡಿಸಿತು. ಇರಬಹುದು, ವೈರಿಗಳು ಕಟ್ಟಿದ ಹಾಡನ್ನು ನಂಬುವುದು ಹೇಗೆ ಎಂದಿತು. ಲೊವಾಟ್ ಕೂಡ ಮತ್ತೆ ಬಂದಾಗ, ಪುಸ್ತಕದಲ್ಲಿ ಎರಡೂ ಬಗೆ ಹಾಕಿ, ಇದು ಎರಡು ಮನೆಗಳ ಹಳೆಯ ಜಗಳ ಎಂದು ಬರೆಯಬೇಕಾದೀತು ಎಂದ. ಟಬಿತಾ ಅವನಿಗೆ ಈ ಸಲ ಪೂರ್ತಿ ಕಡುಬು ಕಟ್ಟಿಕೊಟ್ಟಳು.

ಆಲ್ವೆನ್‌ಳ ಮೈಯೆಲ್ಲ ಉರಿಯಿತು. ಹೂ ಸುಟ್ಟಿದ್ದಷ್ಟೇ ಬಂತು. ಮುದುಕಿ ಮತ್ತೆ ಮೇಜಿನ ತಲೆಗೆ ಬಂದು ಕೂತು ಸೌಟು ಹಿಡಿದಳು. ಬಡಿಸುವಾಗ ಸೊಸೆಯ ತಟ್ಟೆಗೆ ಬರೀ ಎಲುಬು ಹಾಕಿದಳು.

ಅಕ್ಟೋಬರಿನ ಒಂದು ಶನಿವಾರ ಬೆಳಗ್ಗೆ ಸೇಬು ಉದುರಿಸಲು ಊರಿನ ಹೆಂಗಸರೆಲ್ಲ ಮೇಲಿನ ತೋಟಕ್ಕೆ ಬಂದರು. ಟಬಿತಾ ಕುರ್ಚಿ ತರಿಸಿಕೊಂಡು ನೆರಳಲ್ಲಿ ಕೂತು, ಎಂದಿನಂತೆ ಒಬ್ಬೊಬ್ಬರಿಗೂ ಒಂದೊಂದು ಮರ ತೋರಿಸುತ್ತಿದ್ದಳು. ಆಲ್ವೆನ್ ಮೂಟೆ ಹೊಲಿಯುತ್ತಿದ್ದಳು. ಲಿನೆಟ್ ಉದ್ದನೆಯ ಕೋಲು ಹಿಡಿದು ಮರದ ಮೇಲಿದ್ದಳು. ಕೋಲು ಬೀಸುತ್ತ ಬೀಸುತ್ತ ಅವಳು ಹೊಗೆ ಹಾಡು ಎತ್ತಿಕೊಂಡಳು. ಯಾರೂ ಅವಳನ್ನು ಕೇಳಿರಲಿಲ್ಲ. ತಾತ ಇಲಾಯಸನ ದನಿ ಅವಳಿಗೆ ಬಂದಿತ್ತೆಂಬುದು ಆಲ್ವೆನ್‌ಗೆ ಆವರೆಗೆ ಗೊತ್ತಿರಲಿಲ್ಲ. ಕೆಳಗೆ ಹೆಂಗಸರ ಕೈಗಳು ನಿಂತವು. ಲಿನೆಟ್ ಕೊನೆಯ ಚರಣಕ್ಕೆ ಬಂದಳು.

ಸೈತಾನನಲ್ಲ, ಗಾಳಿಯೂ ಅಲ್ಲ
ಸೂರಿನ ಮೇಲೆ ಹತ್ತಿದ್ದು;
ನಮ್ಮ ಮುತ್ತಜ್ಜನ ಒದ್ದೆ ಗೋಣಿಯೇ
ಹೊಗೆಯ ಬಾಯನು ಒತ್ತಿದ್ದು.

ಆಲ್ವೆನ್ ದಬ್ಬಣ ಎತ್ತಿದವಳು ಹಾಗೆಯೇ ಉಳಿದಳು. ಜೊಸಾಯ ಪ್ರೀಸ್ ಅನ್ನಬೇಕು, ಅಪ್ಪ ಕಟ್ಟಿಕೊಟ್ಟಿದ್ದು ಹಾಗೆ ಎಂದು ಕೂಗಿ ಹೇಳಲು ಬಾಯಿ ತೆರೆದಳು. ತನ್ನ ಕೈಯಲ್ಲಿದ್ದುದನ್ನು ಯಾರೋ ಕಿತ್ತುಕೊಂಡಂತೆ ಒಂದು ಗಳಿಗೆ ಸಂಕಟವಾಯಿತು. ಆಮೇಲೆ ಅತ್ತೆಯ ಕಡೆ ನೋಡಿದಳು.

ಕಸಾಯಿಯವನ ಹೆಂಡತಿ ಟಬಿತಾಳ ಕುರ್ಚಿಯ ಪಕ್ಕದಲ್ಲೇ ನಿಂತಿದ್ದಳು. ಅವಳು ಮರದ ಮೇಲಿದ್ದ ಹುಡುಗಿಯನ್ನು ನೋಡಿದಳು, ಮುದುಕಿಯನ್ನು ನೋಡಿದಳು. "ಇದನ್ನೂ ಗಿಟಿನ್ಸ್‌ಗಳು ಹೊಟ್ಟೆಕಿಚ್ಚಿಗೆ ಕಟ್ಟಿದ್ದು ಅಂತೀರಾ, ಟಬಿತಮ್ಮ?" ಎಂದು ಕೇಳಿದಳು.

ಟಬಿತಾ ಕುರ್ಚಿಯ ತೋಳು ಹಿಡಿದು ಎದ್ದಳು. "ಲಿನೆಟ್, ಇಳಿ ಕೆಳಗೆ!" ಎಂದಷ್ಟೇ ಕೂಗಿದಳು.

"ಆಮೇಲೆ ಇಳೀತೀನಿ ಅಜ್ಜಿ," ಮೇಲಿಂದ ದನಿ ಬಂತು. "ಇನ್ನೂ ಅರ್ಧ ಚರಣ ಇದೆ."